ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಕಾರವಾರ ಕರಾವಳಿಯ ಸೂಕ್ಷ್ಮಪಾಚಿಗಳ ಬಗ್ಗೆ

"ಕಾರವಾರದ ನೀರಿನಲ್ಲಿ ಯಾವ ಯಾವ ಪಾಚಿ ಇದೆ?" ಎಂದು ನನ್ನನ್ನು ಕೇಳುವವರಿಗೆ ನಾನು ವಾಪಸ್ ಮೂರು ಪ್ರಶ್ನೆ ಕೇಳುತ್ತೇನೆ. ಯಾವ ತಿಂಗಳು? ಯಾವ ಜಾಗ? ನೀರು ಏರುವಾಗಲೋ, ಇಳಿಯುವಾಗಲೋ? ಕೆಲವರಿಗೆ ಇದು ತಪ್ಪಿಸಿಕೊಳ್ಳುವ ಉಪಾಯ ಅನಿಸುತ್ತದೆ. ಆದರೆ ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಈ ಮೂರು ಪ್ರಶ್ನೆಯಲ್ಲೇ ಇದೆ.

ಬಂಡೆಗೆ ಅಂಟಿ ಬೆಳೆಯುವ, ಕೈಯಲ್ಲಿ ಹಿಡಿಯಬಹುದಾದ ಪಾಚಿಯ ಮಾತನ್ನು ಇವತ್ತು ಬಿಡೋಣ. ನಾನು ಹೇಳುತ್ತಿರುವುದು ಒಂದೇ ಕೋಶದ ಪಾಚಿಗಳ ಬಗ್ಗೆ. ಹೆಚ್ಚಿನವು ಒಂದು ಮಿಲಿಮೀಟರಿನ ನೂರನೇ ಭಾಗದಿಂದ ಹತ್ತನೇ ಭಾಗದಷ್ಟು ಇರುತ್ತವೆ. ಕೋಡಿಬಾಗದಲ್ಲಿ ಒಂದು ಲೋಟ ನೀರು ತೆಗೆದರೆ ಅದರಲ್ಲಿ ಸಾವಿರಗಟ್ಟಲೆ ಸಿಗುತ್ತವೆ. ನೋಡಲು ಏನೂ ಇಲ್ಲ. ಆದರೆ ಇಡೀ ಭೂಮಿಯಲ್ಲಿ ಬಿಸಿಲಿನಿಂದ ತಯಾರಾಗುವ ಆಹಾರದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಸಮುದ್ರದ ಇಂಥ ಜೀವಿಗಳದ್ದೇ. ಶಿರಸಿಯ ಕಾಡು, ಅಮೆಜಾನಿನ ಕಾಡು, ನಮ್ಮ ಗದ್ದೆ ತೋಟ ಎಲ್ಲ ಸೇರಿ ಉಳಿದ ಅರ್ಧ.

ನಮ್ಮ ಕಡೆ ಇವುಗಳಲ್ಲಿ ದೊಡ್ಡ ಕುಟುಂಬ ಡಯಾಟಮ್‌ಗಳದ್ದು. ಇವು ಮೈಸುತ್ತ ಸಿಲಿಕಾದ, ಅಂದರೆ ಗಾಜಿನಂಥ ಒಂದು ಪೆಟ್ಟಿಗೆ ಕಟ್ಟಿಕೊಳ್ಳುತ್ತವೆ. ಅಜ್ಜಿಯ ಎಲೆಯಡಿಕೆ ಡಬ್ಬಿ ನೆನಪಿದೆಯಾ? ತಳ ಚಿಕ್ಕದು, ಮುಚ್ಚಳ ಸ್ವಲ್ಪ ದೊಡ್ಡದು, ಮುಚ್ಚಿದರೆ ಮೇಲೆ ಕೂತುಬಿಡುತ್ತದೆ. ಹಾಗೇ ಇದು. ಒಂದು ಕೋಶ ಎರಡಾದಾಗ ಒಂದಕ್ಕೆ ಮುಚ್ಚಳ, ಇನ್ನೊಂದಕ್ಕೆ ತಳ ಸಿಗುತ್ತದೆ. ಎರಡೂ ತಮಗೆ ಸಿಕ್ಕಿದ್ದನ್ನೇ ಮುಚ್ಚಳ ಅಂದುಕೊಂಡು ಹೊಸ ತಳ ಮಾಡಿಕೊಳ್ಳುತ್ತವೆ. ಹಾಗಾಗಿ ತಳ ಸಿಕ್ಕಿದ ಸಂತಾನ ತಲೆಮಾರಿನಿಂದ ತಲೆಮಾರಿಗೆ ಚಿಕ್ಕದಾಗುತ್ತಾ ಹೋಗುತ್ತದೆ. ತೀರಾ ಚಿಕ್ಕದಾದ ಮೇಲೆ ಗಂಡು ಹೆಣ್ಣು ಕೋಶ ಸೇರಿ ಮತ್ತೆ ದೊಡ್ಡ ಕೋಶ ಹುಟ್ಟುತ್ತದೆ. ಇದನ್ನು ಸುಮ್ನೆ ಚೆಂದಕ್ಕೆ ಹೇಳಲಿಲ್ಲ. ಸಿಲಿಕಾ ಇಲ್ಲದೆ ಡಯಾಟಮ್ ಒಂದರಿಂದ ಎರಡಾಗಲು ಸಾಧ್ಯವೇ ಇಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಜಾಗದ ವಿಷಯಕ್ಕೆ ಬರುತ್ತೇನೆ. ಪಾಚಿ ಬೆಳೆಯಲು ಏನು ಬೇಕು ಎಂದರೆ ಶಾಲೆಯ ಮಕ್ಕಳೂ ಹೇಳುತ್ತಾರೆ: ಬೆಳಕು, ಗೊಬ್ಬರ, ಸರಿಯಾದ ಉಪ್ಪು, ಸರಿಯಾದ ಬಿಸಿ. ಎಲ್ಲ ಸರಿ. ಆದರೆ ನಮ್ಮ ಕರಾವಳಿಯಲ್ಲಿ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ ಅಂತ ನನ್ನ ಅಭಿಪ್ರಾಯ. ನೀರು ಆ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ?

ಲೆಕ್ಕ ಸುಲಭ. ಒಂದು ಡಯಾಟಮ್ ದಿನಕ್ಕೊಮ್ಮೆ ಎರಡಾಗುತ್ತದೆ ಅಂತ ಇಟ್ಟುಕೊಳ್ಳಿ. ಅನುಕೂಲ ಇದ್ದರೆ ಅದಕ್ಕಿಂತ ಬೇಗವೂ ಆಗಬಹುದು. ನದಿ ಸಮುದ್ರ ಸೇರುವ ಜಾಗದ, ಅಂದರೆ ಅಳಿವೆಯ ನೀರಿನಲ್ಲಿ ದಿನಕ್ಕೆ ಅರ್ಧ ಸಮುದ್ರಕ್ಕೆ ಹೋಗಿ ಹೊಸ ನೀರು ಬಂದರೆ, ಹುಟ್ಟಿದಷ್ಟೂ ಹೊರಗೆ ಹೋಯಿತು. ಸಂಖ್ಯೆ ಇದ್ದಲ್ಲೇ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಹೋದರೆ ಕಡಿಮೆಯಾಗುತ್ತಾ ಬರುತ್ತದೆ. ಗೊಬ್ಬರ ಎಷ್ಟಾದರೂ ಇರಲಿ, ಉಪಯೋಗವಿಲ್ಲ.

ಜುಲೈ ತಿಂಗಳ ಕಾಳಿಯನ್ನು ನೋಡಿ. ಜೋಯಿಡಾದ ಡಿಗ್ಗಿಯ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಸದಾಶಿವಗಡದ ಕೆಳಗೆ ಸಮುದ್ರ ಸೇರುವ ನದಿ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಗ ಅಳಿವೆಯ ಮೇಲ್ಪದರದ ನೀರು ಬಾಯಿಗೆ ಹಾಕಿದರೆ ಸಪ್ಪೆ. ಘಟ್ಟದ ತೋಟದ ಸೊಪ್ಪು, ಕಾಡಿನ ಎಲೆ, ಕೆಂಪು ಮಣ್ಣು ಎಲ್ಲವೂ ಅದರಲ್ಲಿದೆ. ಪಾಚಿಗೆ ಬೇಕಾದ ನೈಟ್ರೇಟ್, ಸಿಲಿಕಾ ಧಾರಾಳ. ಆದರೂ ಬಲೆ ಎಳೆದರೆ ಪಾಚಿ ಕಡಿಮೆ, ಕೆಸರು ಜಾಸ್ತಿ. ನೀರು ನಿಲ್ಲುವುದಿಲ್ಲ, ಬೆಳಕು ಕೆಳಗಿಳಿಯುವುದಿಲ್ಲ. ಸಿಗುವ ಕೋಶಗಳಲ್ಲಿ ಕೆಲವು ಮೇಲಿನಿಂದ ಕೊಚ್ಚಿ ಬಂದ ಸಿಹಿನೀರಿನವು, ಉಪ್ಪು ತಾಗಿದ ಕೂಡಲೇ ಸಾಯುವಂಥವು. ಕೆಲವರು ಅವನ್ನೂ ಸೇರಿಸಿ "ಕಾಳಿ ಅಳಿವೆಯ ಪಾಚಿಗಳು" ಅಂತ ಉದ್ದ ಪಟ್ಟಿ ಮಾಡುತ್ತಾರೆ. ಬಸ್ಸಿನಲ್ಲಿ ಹಾದುಹೋಗುವವರನ್ನೂ ಊರಿನ ಮತದಾರರ ಪಟ್ಟಿಗೆ ಸೇರಿಸಿದರೆ ಆದೀತೇ?

ಆದರೆ ಅದೇ ಜುಲೈಯಲ್ಲಿ, ಮಳೆ ಬಿಟ್ಟ ಒಂದು ಹೊತ್ತು, ನೀರಿಳಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನ ಕೆಸರು ನೋಡಿ. ಮೇಲೆ ಚಿನ್ನಗಂದು ಬಣ್ಣದ ತೆಳು ಪೊರೆ ಇರುತ್ತದೆ. ಕಾಲಿಟ್ಟರೆ ಜಾರುತ್ತದೆ. ಅದು ಡಯಾಟಮ್‌ಗಳ ಹಾಸಿಗೆ. ನ್ಯಾವಿಕುಲಾ, ನಿಟ್ಜ್‌ಶಿಯಾ, ಪ್ಲೂರೋಸಿಗ್ಮಾ ಎಂಬ ಹೆಸರಿನವು. ಇವುಗಳ ಪೆಟ್ಟಿಗೆಯಲ್ಲಿ ಉದ್ದಕ್ಕೆ ಒಂದು ಸೀಳು ಇರುತ್ತದೆ. ಆ ಸೀಳಿನಿಂದ ಲೋಳೆ ಬಿಟ್ಟು ಅದರ ಮೇಲೆ ಜಾರಿಕೊಂಡು ಓಡಾಡುತ್ತವೆ. ನೀರಿಳಿದು ಬಿಸಿಲು ಬಿದ್ದಾಗ ಮೇಲೆ ಬರುತ್ತವೆ. ಉಬ್ಬರ ಬರುವ ಮುಂಚೆ ಕೆಸರಿನೊಳಗೆ ಇಳಿಯುತ್ತವೆ. ಉಬ್ಬರ ಬಂದ ಮೇಲೆ ಅಲ್ಲ, ಬರುವ ಮುಂಚೆ! ಇಂಥ ಕೆಸರನ್ನು ತಂದು, ಉಬ್ಬರ ಇಳಿತ ಏನೂ ಇಲ್ಲದ ಗಾಜಿನ ಪಾತ್ರೆಯಲ್ಲಿ ಇಟ್ಟು ನೋಡಿದವರಿದ್ದಾರೆ. ಕೆಲವು ದಿನ ಅದೇ ಹೊತ್ತಿಗೆ ಏರಿ ಇಳಿಯುವುದನ್ನು ಅವು ಮುಂದುವರಿಸಿದವು. ಸಮುದ್ರದ ಗಡಿಯಾರ ಅವುಗಳ ಒಳಗೇ ಇದೆ ಅಂತಾಯಿತು. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ ಅಮಾವಾಸ್ಯೆಗೆ ಏರಿಳಿತದ ಅಂತರ ಎರಡು ಮೀಟರಿನ ಹತ್ತಿರ. ಈ ಜೀವಿಗಳು ಆ ಲೆಕ್ಕದಲ್ಲೇ ಬದುಕುತ್ತವೆ.

ನೋಡಿ, ನೀರು ನಿಲ್ಲದ ಜಾಗದಲ್ಲಿ ತಾನೇ ನಿಲ್ಲುವುದನ್ನು ಕಲಿತದ್ದು ಗೆದ್ದಿತು. ಅವು ಬಿಡುವ ಲೋಳೆ ಕೆಸರಿನ ಕಣಗಳನ್ನು ಅಂಟಿಸಿ ಹಿಡಿಯುತ್ತದೆ, ದಡ ಕೊಚ್ಚುವುದನ್ನೂ ಸ್ವಲ್ಪ ತಡೆಯುತ್ತದೆ. ಚಿಕ್ಕ ಮೀನು, ಏಡಿ, ಬಸವನಹುಳು ಎಲ್ಲ ಈ ಪೊರೆಯನ್ನು ಕೆರೆದು ತಿನ್ನುತ್ತವೆ.

ಮರಳಿನ ದಡದ ಕಥೆ ಬೇರೆ. ಅಲ್ಲಿ ಅಲೆ ಸದಾ ಮರಳನ್ನು ಉರುಳಿಸುತ್ತಿರುತ್ತದೆ. ಮರಳಿನ ಕಾಳಿನ ಮೇಲಿನ ಸಣ್ಣ ಗುಳಿಗಳಲ್ಲಿ ಅಂಟಿಕೊಂಡ ಪುಟ್ಟ ಡಯಾಟಮ್‌ಗಳು ಮಾತ್ರ ಉಳಿಯುತ್ತವೆ. ಬಂಡೆಗಳಲ್ಲೂ ಹಾಗೇ, ಅಂಟಿಕೊಂಡವರದ್ದೇ ರಾಜ್ಯ. ಇಷ್ಟು ಸಾಕು.

ಸೆಪ್ಟೆಂಬರ್‌ಗೆ ಬರೋಣ. ಮಳೆ ತಗ್ಗುತ್ತದೆ, ನದಿಯ ರಭಸ ಇಳಿಯುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಬಿಸಿಲು ಬರುತ್ತದೆ. ನದಿ ತಂದ ಗೊಬ್ಬರ ಇನ್ನೂ ನೀರಿನಲ್ಲೇ ಇದೆ. ಸಮುದ್ರದ ಕಡೆಯಿಂದಲೂ ಒಂದು ಕೊಡುಗೆ ಇದೆ. ಮಳೆಗಾಲದ ಗಾಳಿ ಮೇಲಿನ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣನೆಯ, ಗೊಬ್ಬರ ತುಂಬಿದ ನೀರು ಏರಿ ಬರುತ್ತದೆ. ಕೇರಳದ ಕಡೆ ಇದು ಮೊದಲು ಶುರುವಾಗಿ ಉತ್ತರಕ್ಕೆ ಹರಡುತ್ತದೆ. ನಮ್ಮಲ್ಲಿಗೆ ತಲುಪುವಾಗ ತಡವಾಗಿರುತ್ತದೆ. ಜೊತೆಗೆ ನಮ್ಮ ನದಿಗಳ ಸಿಹಿನೀರು ಮೇಲೆ ಮುಚ್ಚಳ ಹಾಕಿದಂತೆ ಕೂತಿರುವುದರಿಂದ ಆ ತಣ್ಣೀರು ಪೂರ್ತಿ ಮೇಲೆ ಬರದೆಯೂ ಇರಬಹುದು. ಆದರೂ ಆಗ ಸ್ಕೆಲಿಟೋನಿಮಾ, ಕೀಟೋಸಿರಾಸ್, ತಲಾಸಿಯೋಸೈರಾದಂಥ ಸರಪಳಿ ಡಯಾಟಮ್‌ಗಳು ಭರ್ತಿಯಾಗುತ್ತವೆ. ಸ್ಕೆಲಿಟೋನಿಮಾ ವಿಶೇಷವಾಗಿ ಗಟ್ಟಿ ಆಸಾಮಿ. ಉಪ್ಪು ಹೆಚ್ಚು ಕಡಿಮೆಯಾದರೆ ಉಳಿದವು ಒದ್ದಾಡುವಾಗ ಇದು ಆರಾಮಾಗಿ ಎರಡಾಗುತ್ತಿರುತ್ತದೆ.

ಈ ಭರ್ತಿಗೂ ನಿಮ್ಮ ತಾಟಿಗೂ ನೇರ ಸಂಬಂಧ. ತಾರ್ಲೆ (ಬೂತಾಯಿ) ಮೀನಿನ ಕಿವಿರಿನಲ್ಲಿ ಜರಡಿಯಂಥ ಸಣ್ಣ ಹಲ್ಲುಗಳಿವೆ, ಅದು ಡಯಾಟಮ್‌ಗಳನ್ನೇ ಸೋಸಿ ತಿನ್ನುತ್ತದೆ. 1955ರಲ್ಲೇ ಕೇರಳದ ಕೋಯಿಕ್ಕೋಡಿನ ಸಮುದ್ರದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ವಿಜ್ಞಾನಿಗಳು, ನಾಯರ್ ಮತ್ತು ಸುಬ್ರಹ್ಮಣ್ಯನ್, ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಜಾಸ್ತಿ ಕಂಡಾಗ ತಾರ್ಲೆಯೂ ಜಾಸ್ತಿ ಸಿಗುತ್ತದೆ ಎಂದು ಬರೆದಿದ್ದರು. ತಾರ್ಲೆಯ ಏಳುಬೀಳಿಗೆ ಬೇರೆ ಕಾರಣಗಳೂ ಬೇಕಾದಷ್ಟಿವೆ, ಒಂದೇ ಪಾಚಿಯ ಮೇಲೆ ಎಲ್ಲ ಹೊರಿಸಬಾರದು. ಆದರೆ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಲ್ಲಿಸಿ ನಾವು ದಡದಲ್ಲಿ ಬಲೆ ಹೊಲಿಯುತ್ತಾ ಕೂತಾಗ, ನೀರಿನಲ್ಲಿ ಆಗುತ್ತಿರುವುದು ಈ ತಯಾರಿಯೇ.

ಭರ್ತಿಗೆ ಇನ್ನೊಂದು ಮುಖವೂ ಇದೆ. ತಿಂದು ಮುಗಿಯದ ಪಾಚಿ ಸತ್ತು ತಳಕ್ಕೆ ಬೀಳುತ್ತದೆ, ಕೊಳೆಯುತ್ತದೆ, ಆಮ್ಲಜನಕ ಎಳೆದುಕೊಳ್ಳುತ್ತದೆ. ಮೇಲೆ ಸಿಹಿನೀರಿನ ಪದರ, ಕೆಳಗೆ ನಿಂತ ನೀರು. ಗೋವಾ ಎದುರಿನ ಸಮುದ್ರದಲ್ಲಿ 1999ರಲ್ಲಿ ತಳದ ನೀರಿನ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕಂಡದ್ದನ್ನು ದೋನಾಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದಾಖಲಿಸಿದ್ದಾರೆ. ಗೋವಾ ಎಂದರೆ ನಮಗೇನು ದೂರ? ಮಾಜಾಳಿ ದಾಟಿದರೆ ಅದೇ ನೀರು.

ಈಗ ಅಣೆಕಟ್ಟು. ಶಿರಸಿಯಿಂದ ಬಂದವರು ಇಲ್ಲಿ ಇದ್ದೀರಿ, ನಿಮ್ಮ ಊರಿನ ನೀರಿನ ವಿಷಯ ಇದು. ಶಿರಸಿಯ ಆಸುಪಾಸಿನಲ್ಲಿ ಹುಟ್ಟುವ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ದಕ್ಷಿಣಕ್ಕೆ ಹೊನ್ನಾವರದ ಶರಾವತಿಗೆ ಲಿಂಗನಮಕ್ಕಿ, ಅದರ ಕೆಳಗೆ ಗೇರುಸೊಪ್ಪ. ಉತ್ತರಕ್ಕೆ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಅಘನಾಶಿನಿ ಮತ್ತು ಶರಾವತಿಯ ಬಾಯಿಗಳ ನಡುವೆ ನೇರ ದೂರ ಸುಮಾರು 25 ಕಿಲೋಮೀಟರ್. ಅದೇ ಮಳೆ, ಅದೇ ಸಮುದ್ರ, ಅದೇ ಜಂಬಿಟ್ಟಿಗೆ ಕಲ್ಲು. ಆದರೂ ಎರಡು ಅಳಿವೆಗಳ ಜೀವ ಬೇರೆ ಬೇರೆ.

ಅಘನಾಶಿನಿಯಲ್ಲಿ ಬೇಸಿಗೆ ಬಂತೆಂದರೆ ನದಿ ಬಡವಾಗುತ್ತದೆ, ಸಮುದ್ರದ ಉಪ್ಪು ನೀರು ಮೈಲುಗಟ್ಟಲೆ ಒಳಗೆ ಬರುತ್ತದೆ. ಉಬ್ಬರ ಇಳಿತದ ಜೊತೆ ಅದೇ ನೀರು ಒಳಗೆ ಹೊರಗೆ ಆಡುತ್ತಾ ತುಂಬ ದಿನ ಅಲ್ಲೇ ಉಳಿಯುತ್ತದೆ. ಪಾಚಿಗೆ ಎರಡಾಗಲು, ನಾಲ್ಕಾಗಲು ಸಮಯ ಸಿಗುತ್ತದೆ. ಅದನ್ನು ಸೋಸಿ ತಿನ್ನುವ ಬಳಚು, ಕಲ್ವಗಳಂಥ ಚಿಪ್ಪುಜೀವಿಗಳಿಗೆ ಊಟ ಸಿಗುತ್ತದೆ. ಆ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಚಿಪ್ಪು ಆರಿಸಲು ಇಳಿಯುವವರಿಗೆ ಆ ಹೆಸರು ಬೇಕಾಗಿರಲಿಲ್ಲ, ಅವರಿಗೆ ಮೊದಲೇ ಗೊತ್ತಿತ್ತು. ಶರಾವತಿಯಲ್ಲಿ ಏನಾಗುತ್ತದೆ? ಕರೆಂಟಿಗೆ ಬೇಸಿಗೆಯಲ್ಲೂ ನೀರು ಬಿಡಲೇಬೇಕು. ಅಳಿವೆಗೆ ವರ್ಷವಿಡೀ ಸಿಹಿನೀರು ಬರುತ್ತದೆ. ಉಪ್ಪು ಬೇಕಾದಷ್ಟು ಏರುವುದಿಲ್ಲ. ಅಲ್ಲಿ ಚಿಪ್ಪುಜೀವಿಗಳು ಬಹಳ ಕಡಿಮೆಯಾದದ್ದಕ್ಕೆ ಇದೇ ಕಾರಣ ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ.

ಇನ್ನು ಸಿಲಿಕಾ. ಕಲ್ಲು ಸವೆದು ನದಿಗೆ ಸೇರುವ ಸಿಲಿಕಾ ಸಮುದ್ರದ ಡಯಾಟಮ್‌ಗಳಿಗೆ ಬೇಕು ಅಂದೆನಲ್ಲ. ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಸಿಹಿನೀರಿನ ಡಯಾಟಮ್‌ಗಳು ಅದನ್ನು ಮೊದಲೇ ಹೀರಿಕೊಂಡು, ಸತ್ತು, ಅಲ್ಲೇ ತಳ ಸೇರುತ್ತವೆ. ಯುರೋಪಿನ ಡ್ಯಾನ್ಯೂಬ್ ನದಿಗೆ 1970ರ ದಶಕದಲ್ಲಿ 'ಐರನ್ ಗೇಟ್ಸ್' ಅಣೆಕಟ್ಟು ಬಂದ ಮೇಲೆ ಕಪ್ಪುಸಮುದ್ರದಲ್ಲಿ ಸಿಲಿಕಾ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಡಯಾಟಮ್‌ಗಳ ಪಾಲು ಕಡಿಮೆಯಾಗಿ, ಸಿಲಿಕಾ ಬೇಡದ ಬೇರೆ ಪಾಚಿಗಳು ಆ ಜಾಗ ಹಿಡಿದವು. ಇದರ ಜೊತೆ ಇನ್ನೊಂದನ್ನು ಸೇರಿಸಿ. ಊರಿನ ಚರಂಡಿ ನೀರು ನೈಟ್ರೋಜನ್, ರಂಜಕ ತರುತ್ತದೆ, ಸಿಲಿಕಾ ತರುವುದಿಲ್ಲ. ಮೇಲಿನಿಂದ ಸಿಲಿಕಾ ಕಡಿಮೆ, ಬದಿಯಿಂದ ಚರಂಡಿ ಜಾಸ್ತಿ. ಯಾರಿಗೆ ಲಾಭ ಅಂತ ನೀವೇ ಲೆಕ್ಕ ಹಾಕಿ. ನಾನು ಅಣೆಕಟ್ಟು ಒಡೆಯಿರಿ ಎನ್ನುತ್ತಿಲ್ಲ, ಈ ಮೈಕೂ ಅದೇ ಕರೆಂಟಿನಲ್ಲಿ ಓಡುತ್ತಿದೆ. ಅಘನಾಶಿನಿಯನ್ನು ಮಾತ್ರ ಹಾಗೇ ಬಿಡಿ ಎನ್ನುತ್ತೇನೆ. ಹೋಲಿಸಿ ನೋಡಲಿಕ್ಕಾದರೂ ಒಂದು ನದಿ ಇರಲಿ.

ಅಲೆತಡೆ ಗೋಡೆಗಳ ಬಗ್ಗೆಯೂ ಒಂದು ಮಾತು. ಬಂದರಿಗೆ ಗೋಡೆ ಕಟ್ಟುವುದೇ ನೀರನ್ನು ಶಾಂತ ಮಾಡಲು. ಶಾಂತವಾದರೆ ನೀರು ಬದಲಾಗುವುದು ನಿಧಾನ, ಕೆಸರು ಕೂರುತ್ತದೆ, ಪಾಚಿಗೆ ಬಿಡುವು ಸಿಗುತ್ತದೆ. ಹಡಗಿನ ತಳಕ್ಕೂ ಇದು ತಾಗುತ್ತದೆ. ನೀರಿಗಿಳಿಸಿದ ಹೊಸ ಹಲಗೆಗೆ ಮೊದಲು ಬ್ಯಾಕ್ಟೀರಿಯಾ ಅಂಟುತ್ತವೆ, ಕೆಲವು ದಿನದಲ್ಲಿ ಡಯಾಟಮ್‌ಗಳು ಬರುತ್ತವೆ, ಆಮೇಲೆ ಆ ಲೋಳೆಯ ಮೇಲೆ ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಜೀವಿಯ ಮರಿಗಳು ಕೂರುತ್ತವೆ. ದೋಣಿ ಕೆರೆಯುವವರಿಗೆ ಈ ಕಥೆಯ ಕೊನೆ ಗೊತ್ತು, ಶುರು ಗೊತ್ತಿರಲಿಕ್ಕಿಲ್ಲ.

ನೀರು ನಿಲ್ಲುವುದರ ತುತ್ತತುದಿ ನೋಡಬೇಕಾದರೆ ಗೋಕರ್ಣದ ಹತ್ತಿರ ಸಾಣಿಕಟ್ಟಾಕ್ಕೆ ಹೋಗಿ. ಉಪ್ಪಿನಾಗರದಲ್ಲಿ ನೀರನ್ನು ಬೇಕಂತಲೇ ನಿಲ್ಲಿಸುತ್ತಾರೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಮಡಿಯಿಂದ ಮಡಿಗೆ ಹೋದಂತೆ ಅದು ಏರುತ್ತದೆ, ಕೊನೆಗೆ ಹರಳು ಕಟ್ಟುವ ಹೊತ್ತಿಗೆ ಎಂಟು ಪಟ್ಟಿನ ಹತ್ತಿರ. ಮೊದಲ ಮಡಿಗಳಲ್ಲಿ ಮಾಮೂಲಿ ಡಯಾಟಮ್‌ಗಳು. ಉಪ್ಪು ಏರಿದಂತೆ ಅವು ಒಂದೊಂದಾಗಿ ಬಿಟ್ಟುಹೋಗುತ್ತವೆ. ನಡುವಿನ ಮಡಿಗಳ ತಳದಲ್ಲಿ ನೀಲಿಹಸಿರು ಪಾಚಿಯ ಚರ್ಮದಂಥ ಹಾಸು ಕಟ್ಟುತ್ತದೆ. ಅದು ನೀರು ಇಂಗಿ ಹೋಗುವುದನ್ನು ತಡೆಯುತ್ತದೆ, ಆಗರದವರಿಗೆ ಉಪಕಾರವೇ. ಕೊನೆಯಲ್ಲಿ ಉಳಿಯುವ ಪಾಚಿ ಡ್ಯುನಾಲಿಯೆಲ್ಲಾ ಸಲೈನಾ. ಇದಕ್ಕೆ ಗಟ್ಟಿ ಕೋಶಗೋಡೆ ಇಲ್ಲ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದುಕೊಳ್ಳದಂತೆ ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಸುಡುಬಿಸಿಲಿನಿಂದ ಉಳಿಯಲು ಬೀಟಾ ಕೆರೋಟಿನ್ ಮಾಡಿಕೊಳ್ಳುತ್ತದೆ, ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತುವೇ ಅದು. ಈ ಪಾಚಿಯೂ, ಉಪ್ಪನ್ನೇ ಇಷ್ಟಪಡುವ ಕೆಂಪು ಸೂಕ್ಷ್ಮಜೀವಿಗಳೂ ಸೇರಿ ಉಪ್ಪಿನ ಮಡಿಗಳಿಗೆ ಕೆಂಪು ಬಣ್ಣ ಕೊಡುತ್ತವೆ. ಬಣ್ಣದ ನೀರು ಬಿಸಿಲನ್ನು ಜಾಸ್ತಿ ಹಿಡಿಯುತ್ತದೆ, ಬೇಗ ಆರುತ್ತದೆ. ಅಂದರೆ ಉಪ್ಪು ಮಾಡುವುದರಲ್ಲಿ ಪಾಚಿಯದ್ದೂ ಒಂದು ಕೂಲಿ ಇದೆ.

ಅಳಿವೆಯ ಬದಿಯ, ಉಪ್ಪುನೀರು ತಾಗುವ ಗಜನಿ ಗದ್ದೆಯದ್ದು ಇದರ ಅರ್ಧ ದಾರಿ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಿನ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಮೀನು. ಕೂಳೆ ಕೊಳೆತು ಗೊಬ್ಬರವಾಗುತ್ತದೆ, ತೆಳು ನೀರಿನ ತಳದವರೆಗೂ ಬಿಸಿಲು ಬೀಳುತ್ತದೆ, ತಳದ ಪಾಚಿ ಹಬ್ಬುತ್ತದೆ, ಸಿಗಡಿ ಅದನ್ನು ಮೇಯುತ್ತದೆ. ತೂಬಿನ ಬಾಗಿಲು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎನ್ನುವುದು ಅಲ್ಲಿಯ ರೈತರ ವಿದ್ಯೆ. ನನ್ನ ಕಣ್ಣಿಗೆ ಅವರು ಪಾಚಿ ಸಾಕುವವರೇ.

ಬೇಸಿಗೆಯ ತೆರೆದ ಸಮುದ್ರದಲ್ಲಿ ಗಾಳಿ ಕಡಿಮೆ, ಮೇಲಿನ ಬಿಸಿ ನೀರು ಕೆಳಗಿನ ತಣ್ಣೀರಿನ ಜೊತೆ ಬೆರೆಯುವುದಿಲ್ಲ. ಮೇಲಿನ ಗೊಬ್ಬರ ಮುಗಿದಿರುತ್ತದೆ. ಆಗ ಬರುವುದು ಟ್ರೈಕೋಡೆಸ್ಮಿಯಂ. ಫೆಬ್ರವರಿಯಿಂದ ಮೇ ನಡುವೆ, ಮರ ಕೊಯ್ದ ಪುಡಿ ಚೆಲ್ಲಿದ ಹಾಗೆ ಕಂದು ಪಟ್ಟೆಗಳು ತೇಲುವುದನ್ನು ದೋಣಿಗೆ ಹೋಗುವವರು ನೋಡಿರುತ್ತೀರಿ. ಎಣ್ಣೆಯೋ ಕೊಳಕೋ ಎಂದು ಹೆದರುವುದು ಬೇಡ. ಗಾಳಿಯ ನೈಟ್ರೋಜನ್ನನ್ನೇ ಹಿಡಿದು ಗೊಬ್ಬರ ಮಾಡಿಕೊಳ್ಳುವ ಪಾಚಿ ಅದು. ಹಾಗಾಗಿ ಉಳಿದವರು ಉಪವಾಸ ಇರುವಾಗ ಇದಕ್ಕೆ ಹಬ್ಬ.

ರಾತ್ರಿ ಅಲೆಯಲ್ಲಿ ನೀಲಿ ಬೆಳಕು ಬರುವುದರ ಬಗ್ಗೆ ಚೀಟಿ ಕಳಿಸಿದ್ದೀರಿ. ಅದು ನಾಕ್ಟಿಲ್ಯೂಕಾ. ಕೋಶ ಒಂದೇ ಆದರೂ ಒಂದು ಮಿಲಿಮೀಟರಿನವರೆಗೆ ಬೆಳೆಯುತ್ತದೆ, ಲೋಟದಲ್ಲಿ ಬರಿಗಣ್ಣಿಗೂ ಕಾಣುತ್ತದೆ. ಪಾಚಿಗಳ ನೆಂಟ ಅಷ್ಟೇ. ಕರಾವಳಿಯ ಕೆಂಪು ಜಾತಿ ತಾನು ಆಹಾರ ತಯಾರಿಸುವುದಿಲ್ಲ, ಡಯಾಟಮ್‌ಗಳನ್ನು ನುಂಗುತ್ತದೆ. ಡಯಾಟಮ್ ಭರ್ತಿಯ ಬೆನ್ನಿಗೇ ಅದು ಬರುವುದಕ್ಕೆ ಕಾರಣ ಅದೇ. ಅಲೆ ಅಥವಾ ಬಲೆ ತಾಗಿದಾಗ ಮಿನುಗುತ್ತದೆ.

ಶಾಲೆಯ ಮೇಷ್ಟ್ರೊಬ್ಬರು ಮೈಕ್ರೋಸ್ಕೋಪ್ ಇಲ್ಲದೆ ಏನು ಮಾಡಬಹುದು ಎಂದು ಕೇಳಿದ್ದಾರೆ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೋ ಸೆಕ್ಕಿ ಮೆಡಿಟರೇನಿಯನ್ನಿನಲ್ಲಿ ಹಡಗಿನಿಂದ ಬಿಳಿ ತಟ್ಟೆಗಳನ್ನು ನೀರಿಗಿಳಿಸಿ, ಎಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆದರು. ಸೂರ್ಯ ನಕ್ಷತ್ರ ನೋಡುತ್ತಿದ್ದವರು ತಟ್ಟೆ ಹಿಡಿದು ಕೂತದ್ದು ನೋಡಿ! ನೀವೂ 30 ಸೆಂಟಿಮೀಟರ್ ಅಗಲದ ತಟ್ಟೆಗೆ ಬಿಳಿ ಬಣ್ಣ ಹಚ್ಚಿ, ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ. ಮರೆಯಾದ ಆಳದ ಎರಡೂವರೆ ಮೂರು ಪಟ್ಟು ಆಳದವರೆಗೆ ಪಾಚಿಗೆ ಸಾಕಾಗುವಷ್ಟು ಬೆಳಕಿದೆ ಎಂದು ಅಂದಾಜು. ಮಧ್ಯಾಹ್ನದ ಹೊತ್ತು, ಜೆಟ್ಟಿಯ ನೆರಳಿನ ಬದಿಯಿಂದ ಮಾಡಿ, ನೀರಿನ ಮೇಲಿನ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಮಕ್ಕಳ ಸೊಂಟಕ್ಕೆ ಹಗ್ಗ ಇರಲಿ.

ಕೊನೆಯ ಪ್ರಶ್ನೆ, ಪಾಚಿಯಿಂದ ಬಳಚು ವಿಷವಾಗುತ್ತದೆಯೇ ಎಂದು. ಆಗಬಹುದು, ಅಪರೂಪ. ಡೈನೋಫ್ಲ್ಯಾಜೆಲೇಟ್ ಎಂಬ ಇನ್ನೊಂದು ಒಂಟಿಕೋಶದ ಗುಂಪಿನ ಕೆಲವು ಜಾತಿಗಳು ನರಕ್ಕೆ ತಾಗುವ ವಿಷ ಮಾಡುತ್ತವೆ, ಸೋಸಿ ತಿನ್ನುವ ಚಿಪ್ಪಿನಲ್ಲಿ ಅದು ಕೂಡಿಕೊಳ್ಳುತ್ತದೆ. ಚಿಪ್ಪಿಗೆ ಏನೂ ಆಗುವುದಿಲ್ಲ. 1983ರಲ್ಲಿ ಮಂಗಳೂರಿನ ಕಡೆ ಹೀಗೆ ಆದದ್ದು ದಾಖಲಾಗಿದೆ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ, ಹುಳಿ ಹಾಕಿದರೂ ಹೋಗುವುದಿಲ್ಲ. ನೀರಿನ ಬಣ್ಣ ನೋಡಿ ಪೂರ್ತಿ ಹೇಳಲೂ ಆಗುವುದಿಲ್ಲ, ಪರೀಕ್ಷೆಯೇ ಬೇಕು. ಅಷ್ಟರ ಮೇಲೂ, ಅಳಿವೆಯ ನೀರು ಇದ್ದಕ್ಕಿದ್ದಂತೆ ಕೆಂಪೋ ಕಂದೋ ಆಗಿದ್ದರೆ ಅಲ್ಲಿಯ ಚಿಪ್ಪು ಆರಿಸುವುದನ್ನು ನಿಲ್ಲಿಸಿ. ತಿಂದ ಮೇಲೆ ತುಟಿ, ನಾಲಿಗೆ ಜೋಮು ಹಿಡಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ಮೊದಲೇ ಹೇಳಿ.